ಹಲ್ಲುಸೆಟ್ಟು ಜಾರಿದ ಜಾಗ

ಷಡ್ಡಕ ಅಂದ್ರೆ ಗೊತ್ತಲ್ಲ, ಹೆಂಡತಿಯ ತಂಗಿಯ ಗಂಡ. ಒಂದೇ ಮಾವನ ಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಇಬ್ಬರು ಬಡಪಾಯಿಗಳ ನಡುವಿನ ಸಂಬಂಧ ಅದು. ಅಣ್ಣತಮ್ಮಂದಿರು ಜಗಳ ಆಡ್ತಾರೆ, ಷಡ್ಡಕರು ಆಡಲ್ಲ. ಇಬ್ಬರಿಗೂ ಬೈಗುಳ ಬರೋದು ಒಂದೇ ಮನೆತನದಿಂದ ನೋಡಿ, ಜಗಳ ಆಡೋಕೆ ಪುರುಸೊತ್ತೇ ಇರಲ್ಲ.

ನನ್ನ ಷಡ್ಡಕ ಶಾಲೆಯಲ್ಲಿ ಬ್ಯಾಂಡ್ ಮೇಷ್ಟ್ರು. ಊರೆಲ್ಲ ಅವನನ್ನ ತುತ್ತೂರಿ ಮೇಷ್ಟ್ರು ಅಂತಲೇ ಕರೆಯೋದು. ನಾನು ಬಸ್ ಡ್ರೈವರ್ ಆಗಿದ್ದವನು. ಜೀವನಪೂರ್ತಿ ಹಾರ್ನ್ ಹೊಡೆದಿದ್ದೀನಿ, ಒಬ್ಬರೂ ನನ್ನನ್ನ ತುತ್ತೂರಿ ಅನ್ನಲಿಲ್ಲ. ಇರಲಿ, ಅವರವರ ಹಣೆಬರಹ.

ಮೀಸೆ ಮೂಡೋ ವಯಸ್ಸಲ್ಲಿ ಅವನು ಪ್ರಯಾಣಿಕರ ಹಡಗಿನ ಬ್ಯಾಂಡಿಗೆ ಸೇರ್ಕೊಂಡಿದ್ದ. ದೊಡ್ಡ ಊಟದ ಹಾಲಲ್ಲಿ ಜನ ಸೂಪು ಹೀರುವಾಗ ಮೂಲೇಲಿ ನಿಂತು ತುತ್ತೂರಿ ಊದೋ ಕೆಲಸ. ಒಂದ್ಸಲ ಅವನು ಎತ್ತರದ ಸ್ವರ ಊದಿದ್ದಕ್ಕೆ ಕ್ಯಾಪ್ಟನ್ ಕನ್ನಡಕ ಬಿರುಕು ಬಿಟ್ಟು, ಹಡಗು ದಾರಿ ತಪ್ಪಿ, ಹಿಂದೆ ಬರ್ತಿದ್ದ ತಿಮಿಂಗಿಲವೇ ದಡದವರೆಗೂ ದಾರಿ ತೋರಿಸ್ತಂತೆ. ಇದು ಅವನು ಹೇಳಿದ್ದಲ್ಲ, ನಾನು ಹೇಳ್ತಿರೋದು. ಅವನಿಗೆ ಸುಳ್ಳು ಹೇಳೋಕೆ ಬರಲ್ಲ, ಅದಕ್ಕೇ ಆ ಜವಾಬ್ದಾರಿ ನಾನು ಹೊತ್ಕೊಂಡಿದ್ದೀನಿ.

ನಿಜವಾಗಿ ಆಗಿದ್ದು ಇಷ್ಟು. ಆ ಹಡಗಲ್ಲಿ ಪಿಯಾನೋ ನುಡಿಸೋನು ಅಮೆರಿಕದ ಒಬ್ಬ ಕಪ್ಪು ಮುದುಕ. ಅವನ ಮುತ್ತಜ್ಜಂದಿರನ್ನ ಹಡಗಲ್ಲಿ ಕಟ್ಟಿಹಾಕಿ ತಂದು ಮಾರಿದ್ರಂತೆ. ಅಂಥ ಜನರ ಮಕ್ಕಳು ಮೊಮ್ಮಕ್ಕಳು ತಮ್ಮ ಗೋಳು, ತಮ್ಮ ನಗು, ತಮ್ಮ ಕೂಲಿಯ ಹಾಡು ಎಲ್ಲ ಸೇರಿಸಿ ಕಟ್ಟಿದ ಸಂಗೀತ ಜಾಝ್ ಅಂತ ಮುದುಕ ಹೇಳಿದ. ನಮ್ಮವನು ಹುರುಪಲ್ಲಿ ತುತ್ತೂರಿ ಎತ್ಕೊಂಡು, "ಯಾವ ಹಾಡು ನುಡಿಸಲಿ?" ಅಂತ ಕೇಳಿದ. ಮುದುಕ, "ನಿನ್ನೆ ನಿನಗೆ ಏನಾಯ್ತೋ ಅದನ್ನ ನುಡಿಸು" ಅಂದ. ಷಡ್ಡಕ ಇವತ್ತಿಗೂ ಆ ಮಾತು ಹೇಳುವಾಗ ಕುರ್ಚಿಯಿಂದ ಎದ್ದು ನಿಂತ್ಕೋತಾನೆ.

ಆಮೇಲೆ ಹಡಗು ಬಿಟ್ಟ, ನನ್ನ ನಾದಿನೀನ ಮದುವೆ ಆದ, ಶಾಲೆ ಸೇರಿದ. ಶಾಲೆಯವರಿಗೆ ಬೇಕಾಗಿದ್ದು ಮಾರ್ಚ್. ಬೆಳಿಗ್ಗೆ ಮಕ್ಕಳು ಎಡಬಲ ಎಡಬಲ ಅಂತ ಸಾಲಾಗಿ ಬರೋಕೆ ಡಂ ಡಂ ಡಂ ಡಂ. ಕೆಲಸ ಸಿಕ್ಕಿದಾಗಿಂದ ನಿವೃತ್ತಿ ಎದುರಿಗೆ ಬರೋವರೆಗೂ ಅದನ್ನೇ ಕಲಿಸಿದ. ಜಾಝ್ ಮಾತ್ರ ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಊದ್ತಿದ್ದ. ಅಷ್ಟೊತ್ತಿಗೆ ಒಸಡು ಕೆಟ್ಟು ಡಾಕ್ಟರ್ ಅವನ ಹಲ್ಲೆಲ್ಲ ಕಿತ್ತುಬಿಟ್ಟರು. ತುತ್ತೂರಿಯವನಿಗೆ ಮುಂದಿನ ಹಲ್ಲಿಲ್ಲ ಅಂದ್ರೆ ಬಸ್ಸಿಗೆ ಸ್ಟೀರಿಂಗ್ ಇಲ್ಲದ ಹಾಗೆ. ಹಲ್ಲುಸೆಟ್ಟು ಹಾಕಿಸ್ಕೊಂಡು ಊದಿ ನೋಡಿದ. ಸೆಟ್ಟು ಬಾಯಿಂದ ಹಾರಿ ಕಿಟಕಿ ದಾಟಿ ರಸ್ತೇಲಿ ಹೋಗ್ತಿದ್ದ ಪೋಸ್ಟ್‌ಮ್ಯಾನ್‌ನ ಕಚ್ಚಿಬಿಡ್ತು. ಸರಿ, ಕಚ್ಚಲಿಲ್ಲ, ಕಿಟಕೀನೂ ದಾಟಲಿಲ್ಲ, ಕಾಲ ಹತ್ರ ಬಿತ್ತು. ಆದ್ರೆ ಅವತ್ತಿಂದ ತುತ್ತೂರಿ ಪೆಟ್ಟಿಗೆ ಸೇರ್ತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ನಮ್ಮವನಿಗೆ ಹಲ್ಲಿದ್ದಾಗ ಕೇಳೋರಿರಲಿಲ್ಲ.

ನಿವೃತ್ತಿಯ ವರ್ಷ ಶುರುವಾದಾಗ ಶಾಲೆಯ ದೊಡ್ಡ ಮೇಡಂ ಅವನನ್ನ ಕರೆದರು. ಒಳ್ಳೆ ಹೆಂಗಸು, ಸುತ್ತಿಬಳಸಿ ಮಾತಾಡೋರಲ್ಲ.

"ಮೇಷ್ಟ್ರೇ, ನೀವು ಹೋದಮೇಲೆ ಬ್ಯಾಂಡ್ ನಿಲ್ಲಿಸೋಣ ಅಂತಿದ್ದೀನಿ. ಆ ರೂಮು ಲ್ಯಾಬ್ ಸಾಮಾನಿಗೆ ಬೇಕು. ಡಂ ಡಂ ಅನ್ನೋದನ್ನ ಈಗ ಟೇಪಲ್ಲೇ ಹಾಕಬಹುದಲ್ಲ?"

"ಟೇಪಲ್ಲಿ ಹಾಕೋಕೆ ಆಗದೇ ಇರೋದನ್ನ ಕಲಿಸಿದ್ರೆ?" ಅಂದ ಷಡ್ಡಕ.

ಮೇಡಂ, "ವಾರ್ಷಿಕೋತ್ಸವದ ದಿನ ತೋರಿಸಿ. ಸರಿ ಅನ್ನಿಸಿದ್ರೆ ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನ ತರ್ತೀನಿ" ಅಂದರು.

ನಾದಿನಿ ಅವತ್ತು ಸಂಜೆ ಗಂಡನನ್ನೂ ಎಳ್ಕೊಂಡು ನಮ್ಮ ಮನೆಗೆ ಬಂದು ತಲೆ ಚಚ್ಕೊಂಡಳು. "ಭಾವ, ನೀವಾದ್ರೂ ಹೇಳಿ ಇವರಿಗೆ. ಗೊತ್ತಿರೋ ಮಾರ್ಚನ್ನೇ ಚೆನ್ನಾಗಿ ನುಡಿಸಿ ರೂಮು ಉಳಿಸ್ಕೊಳ್ಳೋದು ಬಿಟ್ಟು ಹೊಸದು ಕಲಿಸ್ತಾರಂತೆ. ಅದೂ ಮಕ್ಕಳಿಗೆ! ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ."

"ಮಾರ್ಚ್ ನುಡಿಸಿದ್ರೆ ಉಳಿಯೋದು ರೂಮು ಮಾತ್ರ" ಅಂದ ಅವನು. ಅಷ್ಟೇ ಅಂದು ಟೀ ಕುಡಿದು ಹೋದ. ಉಡ ಗೋಡೆ ಹಿಡಿದ ಹಾಗೆ ಅವನ ಪಟ್ಟು. ಹಿಡಿದ ಅಂದ್ರೆ ಗೋಡೆ ಬರಬೇಕೇ ಹೊರತು ಉಡ ಬರಲ್ಲ.

ನಾನು ಆಗಲೇ ನಿವೃತ್ತ. ಮನೇಲಿ ಕೂತ್ರೆ ನಮ್ಮವಳು ತರಕಾರಿ ಹೆಚ್ಚೋಕೆ ಹಚ್ತಾಳೆ, ಅದಕ್ಕೆ ದಿನಾ ಅವನ ಬ್ಯಾಂಡ್ ರೂಮಿಗೆ ಹೋಗಿ ಹಳೇ ಡ್ರಮ್ಮಿನ ಪೆಟ್ಟಿಗೆ ಮೇಲೆ ಕೂರ್ತಿದ್ದೆ. ಮೆಟ್ಟಿಲ ಕೆಳಗಿನ ಇಳಿಜಾರು ಸೂರಿನ ಕೋಣೆ. ನಿಂತ್ರೆ ತಲೆ ತಾಗತ್ತೆ. ಎಣ್ಣೆ, ಹಿತ್ತಾಳೆ, ಮಕ್ಕಳ ಬೆವರು, ಮೂರರದ್ದೂ ಸೇರಿ ಒಂದು ವಾಸನೆ. ಹನ್ನೊಂದು ಮಕ್ಕಳು. ಅದರಲ್ಲಿ ಇಬ್ಬರನ್ನ ನೆನಪಿಟ್ಕೊಳ್ಳಿ ಸಾಕು. ಟ್ಯೂಬಾ ಅನ್ನೋ ಆ ಭಾರೀ ಕೊಂಬು ಊದೋ ಹುಡುಗನ ಅಡ್ಡಹೆಸರು ಪೀಪಾಯಿ. ಕೊಂಬು ಪೀಪಾಯಿ, ಹುಡುಗ ಕಡ್ಡಿ. ಕೊಂಬೇ ಅವನನ್ನ ಹೊತ್ಕೊಂಡು ಬರ್ತಿತ್ತು ಅಂತ ನನ್ನ ಅನುಮಾನ. ಇನ್ನೊಬ್ಬಳು ಕ್ಲ್ಯಾರಿನೆಟ್ ಹುಡುಗಿ, ಗಿಣಿ. ಒಂದ್ಸಲ ಕೇಳಿದ್ದನ್ನ ಹಾಗೇ ಒಪ್ಪಿಸ್ತಾಳೆ. ಬಾಯಿಪಾಠದ ಸ್ಪರ್ಧೇಲಿ ಅವಳಿಗೆ ಬಹುಮಾನ ಕೊಟ್ಟೂ ಕೊಟ್ಟೂ ಶಾಲೆಯವರ ಕೈ ಸವೆದಿತ್ತು.

ಮೊದಲನೇ ದಿನ ಷಡ್ಡಕ ವಾದ್ಯ ಮುಟ್ಟಿಸಲಿಲ್ಲ. "ಎಲ್ಲರೂ ಎದ್ದೇಳಿ. ಚಪ್ಪಲಿ ಕಿತ್ತುಹೋದವನ ಹಾಗೆ ನಡೀರಿ" ಅಂದ.

ಮಕ್ಕಳು ಮುಖ ಮುಖ ನೋಡ್ಕೊಂಡವು. ಆಮೇಲೆ ಒಂದು ಕಾಲು ಎಳೆದು ಇನ್ನೊಂದು ಕಾಲು ಓಡಿಸಿ ನಡೆದವು. ಝರ್ರ್-ಟಕ, ಝರ್ರ್-ಟಕ.

"ಮಾರ್ಚಲ್ಲಿ ಎರಡು ಕಾಲೂ ಸಮ. ಇಲ್ಲಿ ಒಂದು ಉದ್ದ, ಒಂದು ಗಿಡ್ಡ. ಕುಂಟಿದ ಹಾಗಿದ್ರೂ ಹೊತ್ತಿಗೆ ಸರಿಯಾಗಿ ಊರು ಸೇರ್ತೀರಿ. ಇದಕ್ಕೆ ಸ್ವಿಂಗ್ ಅಂತಾರೆ. ಈಗ ನಾಲ್ಕು ಎಣಿಸಿ. ಒಂದು, ಮೂರಕ್ಕೆ ಸುಮ್ಮನಿರಿ. ಎರಡು, ನಾಲ್ಕಕ್ಕೆ ಚಪ್ಪಾಳೆ."

ನಾನೂ ತಟ್ಟಿದೆ.

"ಅಣ್ಣ, ನೀನು ಒಂದು, ಮೂರಕ್ಕೆ ತಟ್ತಿದ್ದೀಯ" ಅಂದ ಷಡ್ಡಕ.

"ನಾನು ಮೊದಲೇ ಹೊರಟಿದ್ದೀನಿ ಕಣಯ್ಯಾ, ನೀವೆಲ್ಲ ಲೇಟು" ಅಂದೆ. ಡ್ರೈವರ್ ಯಾವತ್ತೂ ತಪ್ಪು ಒಪ್ಕೋಬಾರದು.

ಮಾರನೇ ದಿನ ಬ್ಲೂಸ್, ಅಂದ್ರೆ ಜಾಝ್ ಹುಟ್ಟಿದ ಗೋಳಿನ ಹಾಡು. ಬೋರ್ಡಿನ ಮೇಲೆ ಹನ್ನೆರಡು ಚೌಕ ಬರೆದು, ಒಂದೊಂದಕ್ಕೂ ಮನೆ ಅಂತ ಹೆಸರಿಟ್ಟ. ಒಂದೊಂದು ಮನೇಲೂ ನಾಲ್ಕು ಎಣಿಕೆ. ನಾಲ್ಕು ನಾಲ್ಕು ಮನೆ ಸೇರಿದ್ರೆ ಒಂದು ಸಾಲು, ಒಟ್ಟು ಮೂರು ಸಾಲು. ಮೊದಲನೇ ಸಾಲಲ್ಲಿ ಒಂದು ಮಾತು ಹೇಳು, ಎರಡನೇದರಲ್ಲಿ ಅದನ್ನೇ ಇನ್ನೊಂದ್ಸಲ ಹೇಳು, ಮೂರನೇದರಲ್ಲಿ ಅದಕ್ಕೆ ಉತ್ತರ ಕೊಡು. ಮಕ್ಕಳ ಕಣ್ಣಲ್ಲಿ ಏನೂ ಹೊಳೀಲಿಲ್ಲ. ಅಷ್ಟರಲ್ಲಿ ನಮ್ಮವಳು ನನ್ನನ್ನ ಹುಡುಕ್ಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಎಲ್ಲಿ ಹೋಗಿದ್ರಿ?"

ನಾನು ಸುಮ್ಮನೆ ಕೂತೆ.

"ಕೇಳ್ತಿರೋದು ನಿಮ್ಮನ್ನೇ, ಎಲ್ಲಿ ಹೋಗಿದ್ರಿ?"

ನಾನು ಕೆಮ್ಮಿದೆ.

"ಗೊತ್ತು ಬಿಡಿ, ಈ ಬಿಲದಲ್ಲೇ ಇರ್ತೀರಿ ಅಂತ!"

ಷಡ್ಡಕ ಸೀಮೆಸುಣ್ಣ ಎಸೆದು ಕುಣಿದುಬಿಟ್ಟ. "ಅದೇ! ಅದೇ ಬ್ಲೂಸ್! ಒಂದ್ಸಲ ಕೇಳಿದ್ರು, ಇನ್ನೊಂದ್ಸಲ ಕೇಳಿದ್ರು, ಉತ್ತರಾನೂ ಅವರೇ ಹೇಳಿದ್ರು. ನಡುನಡುವೆ ಖಾಲಿ ಬಿಟ್ಟರಲ್ಲ, ಅಲ್ಲಿ ಅಣ್ಣ ಕೆಮ್ಮಿದ ನೋಡಿ, ಅದು ವಾದ್ಯದ ಜಾಗ. ಅಕ್ಕ, ಇನ್ನೊಂದ್ಸಲ ಬೈತೀರಾ?"

"ಅದಕ್ಕೇನು, ಎಷ್ಟು ಸಲ ಬೇಕು?" ಅಂದಳು ನಮ್ಮವಳು. ಅವಳು ಉಳಿದದ್ದರಲ್ಲೆಲ್ಲ ಕೈ ಬಿಗಿ, ಇದೊಂದರಲ್ಲಿ ಧಾರಾಳಿ.

ಹೀಗೆ ಪಾಠ ಸಾಗ್ತು. ಮಗು ಹಟ ಮಾಡ್ತಾ "ಅಮ್ಮಾ" ಅಂತ ಎಳೆಯತ್ತಲ್ಲ, ಹಾಗೆ ಸ್ವರಾನ ಜಾರಿಸಬೇಕು, ಅಂದ. ಪೀಪಾಯಿಗೆ, "ನೀನು ಎಣಿಕೆಗೊಂದು ಹೆಜ್ಜೆ ಇಡ್ತಾ ಹನ್ನೆರಡೂ ಮನೆ ಸುತ್ತಬೇಕು, ಯಾರು ಬಿದ್ದರೂ ನೀನು ನಿಲ್ಲಬಾರದು" ಅಂದ. ಎಲ್ಲರೂ ಸೇರಿ ಒಂದು ಸುತ್ತು ನುಡಿಸೋದು, ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಸುತ್ತು. ಆ ಸುತ್ತಲ್ಲಿ ಅವರವರಿಗೆ ಆ ಕ್ಷಣಕ್ಕೆ ಹೊಳೆದದ್ದು. ಮೊದಲೇ ಕಟ್ಕೊಂಡು ಬರಬಾರದು.

"ಹೊಳೆದದ್ದು ಅಂದ್ರೆ ಹೇಗೆ ಸಾರ್?" ಅಂತ ಕೇಳಿದಳು ಗಿಣಿ.

ಊದೋಕೆ ಹಲ್ಲಿಲ್ಲವಲ್ಲ, ಅವನು ಬಾಯಲ್ಲೇ ಒಂದು ಸುತ್ತು ಹಾಡಿ ತೋರಿಸಿದ. ದೂ ದಾ ದೂ ದಾ ಅಂತ ಶುರು ಮಾಡಿ ಎಲ್ಲೆಲ್ಲೋ ಹೋಗಿ ಬಂದ. ನಿಜ ಹೇಳ್ತೀನಿ, ನನ್ನ ಮೈ ಜುಮ್ ಅಂತು. ಎರಡನೇ ಸಾಲಿನ ಕೊನೇಲಿ ಹಲ್ಲುಸೆಟ್ಟು ಜಾರಿ ಟಕ್ ಅಂತು. ಹೆಬ್ಬೆರಳಲ್ಲಿ ಅದನ್ನ ಮೇಲಕ್ಕೆ ಒತ್ತಿ ಹಾಡು ಮುಗಿಸಿದ. "ನಾಳೆ ನೀವು ನಿಮ್ಮದು ತನ್ನಿ" ಅಂದ.

ಮಾರನೇ ದಿನ ಮೊದಲು ಪೀಪಾಯಿ ನಿಂತ. ಮೇಷ್ಟ್ರು ಹಾಡಿದ್ದನ್ನೇ ಒಂದಕ್ಷರ ಬಿಡದೆ ನುಡಿಸಿದ. ಎರಡನೇ ಸಾಲಿನ ಕೊನೇಲಿ ಕೊಂಬು ಇಳಿಸಿ, ನಾಲಿಗೇಲಿ ಟಕ್ ಅನ್ನಿಸಿ, ಹೆಬ್ಬೆರಳಲ್ಲಿ ಮೇಲ್ತುಟಿ ಒತ್ಕೊಂಡು, ಮತ್ತೆ ಊದಿದ. ಎರಡನೆಯವನು ಬಂದ, ಅದೇ ಹಾಡು, ಅದೇ ಟಕ್, ಅದೇ ಹೆಬ್ಬೆರಳು. ಹನ್ನೊಂದು ಮಕ್ಕಳೂ ಸಾಲಾಗಿ ಹಾಗೇ ಮಾಡಿದವು. ಗಿಣಿ ಆಟದ ಬಿಡುವಲ್ಲಿ ಎಲ್ಲರಿಗೂ ಕೂರಿಸಿ ಕಲಿಸಿದ್ದಳಂತೆ.

ನನಗೆ ನಕ್ಕೂ ನಕ್ಕೂ ಹೊಟ್ಟೆ ಹಿಡ್ಕೊಳ್ತು. ಷಡ್ಡಕ ನಗಲಿಲ್ಲ.

"ಅದು ಹಲ್ಲುಸೆಟ್ಟು ಜಾರಿದ್ದು ಕಣಮ್ಮಾ!"

"ಗೊತ್ತು ಸಾರ್" ಅಂದಳು ಗಿಣಿ. "ಅದಕ್ಕೇ ನಾವೂ ಜಾರಿಸಿದ್ವಿ."

ಅವನು ಗೋಡೆಗೆ ಒರಗಿ ನಿಂತ. ತಪ್ಪು ಮಕ್ಕಳದ್ದಲ್ಲ ನೋಡಿ. ಒಂದನೇ ಕ್ಲಾಸಿಂದ ಆ ಶಾಲೆ ಹೇಳಿಕೊಟ್ಟಿದ್ದು ಅದೊಂದೇ, ಮುಂದೆ ನಿಂತವರು ಏನು ಮಾಡ್ತಾರೋ ಅದನ್ನ ಹಾಗೇ ಮಾಡು. ಮಾರ್ಚ್ ಕಲಿಸಿದವನೂ ಇವನೇ. ಸ್ವಲ್ಪ ಹೊತ್ತಾದ್ಮೇಲೆ ಹಲ್ಲುಸೆಟ್ಟು ಬಾಯಿಂದ ತೆಗೆದು, ತೊಳೆದು, ಕರವಸ್ತ್ರದಲ್ಲಿ ಸುತ್ತಿ ಅಂಗಿ ಜೇಬಿಗೆ ಹಾಕ್ಕೊಂಡ. ಕೆನ್ನೆ ಒಳಗೆ ಹೋಯ್ತು, ಮಾತು ಪುಸುಪುಸು ಆಯ್ತು.

"ಇವತ್ತಿಂದ ನಾನು ಒಂದು ಸ್ವರಾನೂ ಹಾಡಿ ತೋರಿಸಲ್ಲ. ಹಾಡೋಣ ಅಂದ್ರೂ ಆಗಬಾರದು ಅಂತ ಇದನ್ನ ಜೇಬಲ್ಲಿಡ್ತೀನಿ. ನಿಮ್ಮದು ನಿಮ್ಮಿಂದಲೇ ಬರಬೇಕು."

ಅವತ್ತಿಂದ ವಾರ್ಷಿಕೋತ್ಸವದವರೆಗೂ ಆ ರೂಮಿನ ಹೊಸ್ತಿಲು ದಾಟಿದ ತಕ್ಷಣ ಹಲ್ಲು ಜೇಬಿಗೆ. ಶಾಲೆಯ ಟೀಚರುಗಳು ಮುಸಿಮುಸಿ ನಕ್ಕರು, ನಾದಿನಿ ನಾಚಿಕೆಯಿಂದ ಸೆರಗು ಕಚ್ಚಿದಳು. ಉಡ ಬಿಡಲಿಲ್ಲ.

ಹಡಗಿನ ಮುದುಕನ ಪಾಠ ಶುರು ಮಾಡಿದ. "ಬೆಳಿಗ್ಗೆ ಮನೆಯಿಂದ ಇಲ್ಲಿಗೆ ಹೇಗೆ ಬಂದ್ರಿ? ಮೊದಲು ಬಾಯಲ್ಲಿ ಹೇಳಿ, ಆಮೇಲೆ ವಾದ್ಯದಲ್ಲಿ."

ಪೀಪಾಯಿಯನ್ನ ನಾಯಿ ಅಟ್ಟಿಸ್ಕೊಂಡು ಬಂದಿತ್ತು. ಏದುಸಿರು ಬಿಡ್ತಾ ಹೇಳಿದ, ಹಾಗೇ ಏದುಸಿರಲ್ಲಿ ಊದಿದ. ಕೊಂಬಲ್ಲಿ ನಾಯಿ ಬೊಗಳ್ತು! ಡ್ರಮ್ ಹುಡುಗ ಬಸ್ಸಲ್ಲಿ ನಿಂತು ಬಂದಿದ್ದ. ಅವನ ಡ್ರಮ್ ಕೇಳಿ, "ಯಾವನಯ್ಯಾ ಆ ಡ್ರೈವರ್, ಬ್ರೇಕ್ ಹಾಕೋಕೆ ಬರಲ್ವಾ?" ಅಂತ ನಾನೇ ಕೂಗಿದೆ. ಒಬ್ಬೊಬ್ಬರೇ ಬಾಯಿ ಬಿಟ್ಟರು. ಊರಿಗೆಲ್ಲ ಒಂದು ದಾರಿ, ಪೋರನಿಗೆ ಒಂದು ದಾರಿ ಅಂತ ಬೈತಾರಲ್ಲ, ಇಲ್ಲಿ ಬೇಕಾಗಿದ್ದೇ ಆ ಪೋರನ ದಾರಿ.

ಗಿಣಿ ಸರದಿ ಬಂತು. "ಮನೆಯಿಂದ ಹೊರಟೆ, ಶಾಲೆಗೆ ಬಂದೆ ಸಾರ್."

"ದಾರೀಲಿ ಏನೂ ಆಗಲಿಲ್ವಾ?"

"ಏನೂ ಆಗಬಾರದು ಅಂತ ನೋಡ್ಕೊಂಡೇ ಬಂದೆ."

ಅವಳೊಬ್ಬಳಿಂದ ಮಾತ್ರ ಬರಲೇ ಇಲ್ಲ. ಕ್ಲ್ಯಾರಿನೆಟ್ ಬಾಯಿಗಿಟ್ರೆ ಮೇಷ್ಟ್ರ ಹಳೇ ಹಾಡು, ಇಲ್ಲಾಂದ್ರೆ ಮೌನ. ಒಂದಿನ ಅವಳು ಎಲ್ಲರೂ ಹೋದ್ಮೇಲೆ ನಿಂತು, "ತಪ್ಪಾದ್ರೆ ಏನು ಮಾಡ್ಲಿ ಸಾರ್?" ಅಂತ ಕೇಳಿದಳು. ಕಣ್ಣಲ್ಲಿ ನೀರಿತ್ತು.

"ತಪ್ಪಾದ ಸ್ವರಾನೇ ಇನ್ನೊಂದ್ಸಲ ನುಡಿಸು" ಅಂದ ಷಡ್ಡಕ ಬೊಚ್ಚುಬಾಯಲ್ಲಿ. "ಒಂದ್ಸಲ ಬಂದ್ರೆ ತಪ್ಪು. ಬೇಕು ಅಂತ ಎರಡನೇ ಸಲ ನುಡಿಸಿದ್ರೆ ಅದು ನಿನ್ನ ಮಾತು."

ವಾರ್ಷಿಕೋತ್ಸವ ಹತ್ತಿರ ಬಂದಾಗ ನಾನೂ ಬುದ್ಧಿ ಹೇಳಿದೆ. "ಗಿಣಿ ಸುತ್ತನ್ನ ಬಿಟ್ಟುಬಿಡೋ. ಉಳಿದ ಹತ್ತು ಜನ ಜೋರಾಗಿದ್ದಾರೆ. ರೂಮು ಉಳಿಯತ್ತೆ."

"ಅವಳಿಗೂ ಒಂದು ಸುತ್ತು ಇದೆ ಅಣ್ಣ. ಖಾಲಿ ಹೋದ್ರೂ ಅದು ಅವಳದ್ದೇ."

ಆ ದಿನ ಬಂತು. ಸಭಾಂಗಣದಲ್ಲಿ ಮುಂದಿನ ಸಾಲಲ್ಲಿ ದೊಡ್ಡ ಮೇಡಂ, ಅವರ ಹಿಂದೆ ನಾನು, ನಮ್ಮವಳು, ನಾದಿನಿ. ವೇದಿಕೆ ಮೇಲೆ ಮಕ್ಕಳು, ಒಂದು ಬದಿಗೆ ಷಡ್ಡಕ. ಇಸ್ತ್ರಿ ಮಾಡಿದ ಅಂಗಿ, ಬೊಚ್ಚುಬಾಯಿ, ಹಲ್ಲು ಜೇಬಲ್ಲಿ. ಬೆರಳು ಚಿಟಿಕೆ ಹೊಡೆದು ನಾಲ್ಕು ಎಣಿಸಿದ, ಕೈ ಹಿಂದೆ ಕಟ್ಕೊಂಡ. ಅಲ್ಲಿಗೆ ಅವನ ಕೆಲಸ ಮುಗೀತು.

ಝರ್ರ್-ಟಕ, ಝರ್ರ್-ಟಕ, ಶುರುವಾಯ್ತು ನೋಡಿ. ಮಾರ್ಚ್ ಕೇಳೋಕೆ ಬೆನ್ನು ನೆಟ್ಟಗೆ ಮಾಡ್ಕೊಂಡು ಕೂತಿದ್ದ ಜನ ಒಬ್ಬೊಬ್ಬರೇ ಸಡಿಲ ಆದರು. ಪೀಪಾಯಿಯ ನಾಯಿ ಬೊಗಳಿದಾಗ ಹಿಂದಿನ ಸಾಲಲ್ಲಿ ಯಾರೋ ಕಾಲು ಮೇಲೆತ್ತಿದರು. ಮೇಡಂ ಮಾತ್ರ ಕಲ್ಲಿನ ಹಾಗೆ ಕೂತಿದ್ರು. ಕೊನೆಗೆ ಗಿಣಿ ಸುತ್ತು.

ಅವಳು ಮೇಷ್ಟ್ರ ಹಾಡನ್ನೇ ಎತ್ತಿದಳು. ಅಚ್ಚುಕಟ್ಟು, ಒಂದು ಕೂದಲೆಳೆ ಆಚೀಚೆ ಇಲ್ಲ. ಎರಡನೇ ಸಾಲಿನ ಕೊನೆ ಬಂತು. ಕ್ಲ್ಯಾರಿನೆಟ್ ಕೆಳಗಿಳೀತು, ಹೆಬ್ಬೆರಳು ತುಟಿಗೆ ಹೋಯ್ತು, ಟಕ್. ಜನ ಕಿಸಕ್ ಅಂದರು. ಗಿಣಿ ಬೆಚ್ಚಿಬಿದ್ದು ನಿಂತುಬಿಟ್ಟಳು. ಹೆಬ್ಬೆರಳು ಅಲ್ಲೇ.

ಡ್ರಮ್ ನಡೀತಾ ಇತ್ತು. ಪೀಪಾಯಿ ಹೆಜ್ಜೆ ಹಾಕ್ತಾ ಇದ್ದ, ಯಾರು ಬಿದ್ದರೂ ನಿಲ್ಲಬಾರದಲ್ಲ. ಖಾಲಿ ಮನೆಗಳು ಒಂದೊಂದಾಗಿ ದಾಟಿಹೋದವು. ನಾದಿನಿ ನನ್ನ ಮೊಣಕೈ ಹಿಸುಕಿದಳು. ಷಡ್ಡಕನ ಕೈ ಜೇಬಿನ ತನಕ ಬಂತು. ಹಲ್ಲು ಹಾಕ್ಕೊಂಡು ಒಂದು ಸಾಲು ಹಾಡಿಬಿಟ್ರೆ ಸಾಕು, ಹುಡುಗಿ ಹಿಡ್ಕೋತಾಳೆ, ಮಾನ ಉಳಿಯತ್ತೆ. ಕೈ ಜೇಬಿನ ಮೇಲೆ ನಿಲ್ತು. ಮತ್ತೆ ಹಿಂದಕ್ಕೆ ಹೋಯ್ತು. ಅವನು ಕಟ್ಟಿದ ಕೈಯನ್ನ ಇನ್ನೂ ಬಿಗಿಯಾಗಿ ಕಟ್ಕೊಂಡ.

ನಮ್ಮವಳಿಗೆ ಖಾಲಿ ಜಾಗ ಅಂದ್ರೆ ಆಗಲ್ಲ. ಇಡೀ ಸಭೆಗೆ ಕೇಳೋ ಹಾಗೆ ಕೂಗಿದಳು. "ಮುಂದೇನಮ್ಮಾ?"

ಜನ ಹೋ ಅಂತ ನಕ್ಕರು. ಗಿಣಿ ತಲೆ ಎತ್ತಿ ನಮ್ಮ ಕಡೆ ನೋಡಿದಳು. ಕ್ಲ್ಯಾರಿನೆಟ್ ಬಾಯಿಗೆ ಹೋಯ್ತು. ಪೀಪಾಯಿ ಹೊಸ ಸುತ್ತಿನ ಮೊದಲನೇ ಮನೆಗೆ ಕಾಲಿಟ್ಟ ಹೊತ್ತಿಗೆ ಸರಿಯಾಗಿ, "ಮುಂದೇನಮ್ಮಾ" ಅಂತ ಅದೇ ರಾಗದಲ್ಲಿ ಕ್ಲ್ಯಾರಿನೆಟ್ ಕೇಳ್ತು. ಕೊನೆಯ ಸ್ವರ ಎಳೆಯೋಕೆ ಹೋಗಿ ಕೀಂಯ್ ಅಂತ ಒಡೀತು. ಅವಳ ಕಿವಿ ಕೆಂಪಾಗಿದ್ದು ನನಗೆ ಅಲ್ಲಿಂದಲೇ ಕಾಣಿಸ್ತು. ಇನ್ನು ಓಡಿಹೋಗ್ತಾಳೆ ಅಂದ್ಕೊಂಡೆ.

ಎರಡನೇ ಸಾಲು ಬಂತು. "ಮುಂದೇನಮ್ಮಾ" ಅಂತ ಮತ್ತೆ ಕೇಳಿದಳು. ಕೊನೆಗೆ ಬೇಕು ಅಂತಲೇ, ಕೆನ್ನೆ ಉಬ್ಬಿಸಿ, ಕೀಂಯ್! ಡ್ರಮ್ ಹುಡುಗ ಖುಷಿಯಲ್ಲಿ ಒಂದು ಏಟು ಜಾಸ್ತಿ ಹಾಕಿದ. ಮೂರನೇ ಸಾಲಲ್ಲಿ ಅವಳು ಉತ್ತರ ಕೊಟ್ಟಳು. ಏನು ಹೇಳಿದಳು ಅಂತ ನನ್ನನ್ನ ಕೇಳಬೇಡಿ. ಮೆಟ್ಟಿಲು ಇಳಿದ ಹಾಗೆ ಕೆಳಗೆ ಬಂದು, ಎಡವಿ, ಸಾವರಿಸ್ಕೊಂಡು, ಬರ್ತಾ ಇದ್ದೀನಿ ತಾಳಿ ಅನ್ನೋ ಹಾಗಿತ್ತು. ಅವಳದ್ದೇ. ಷಡ್ಡಕನ ಹಾಡಿನ ಒಂದು ಎಳೆಯೂ ಅದರಲ್ಲಿರಲಿಲ್ಲ.

ಷಡ್ಡಕ ಗೋಡೆ ಕಡೆ ತಿರುಗಿ ನಿಂತಿದ್ದ. ಭುಜ ಅಲ್ಲಾಡ್ತಿತ್ತು. ನಗ್ತಿದ್ದ ಅಂತ ನಾನು ಎಲ್ಲರಿಗೂ ಹೇಳಿದ್ದೀನಿ. ನೀವೂ ಹಾಗೇ ಹೇಳಿ.

ಎಲ್ಲ ಮುಗಿದ್ಮೇಲೆ ವೇದಿಕೆ ಹಿಂದೆ ಅವನು ವಾದ್ಯದ ಸ್ಟ್ಯಾಂಡುಗಳನ್ನ ಮಡಚ್ತಿದ್ದ. ಮೇಡಂ ಬಂದರು.

"ಆ ಹುಡುಗಿ ನಡುವೆ ಮರೆತುಬಿಟ್ಟಳು, ಅಲ್ವಾ ಮೇಷ್ಟ್ರೇ?"

"ಹೌದು ಮೇಡಂ. ಸದ್ಯ, ಮರೆತಳು!"

ಮೇಡಂ ಬಾಗಿಲ ಕಡೆ ಹೊರಟರು. ಅವರ ಬೆರಳು ಪರ್ಸಿನ ಮೇಲೆ ಎರಡಕ್ಕೆ, ನಾಲ್ಕಕ್ಕೆ ತಟ್ಟಿಕೊಳ್ತಿದ್ದದ್ದು ನಾನು ನೋಡಿದೆ. ಅವರಿಗೆ ಗೊತ್ತಿರಲಿಲ್ಲ. ಬಾಗಿಲ ತನಕ ಹೋದವರು ತಿರುಗಿ, "ಮುಂದಿನ ವರ್ಷ ಇಷ್ಟು ಉದ್ದ ಬೇಡ. ಬರೋ ಹೊಸ ಮೇಷ್ಟ್ರಿಗೆ ನೀವೇ ಹೇಳಿಬಿಡಿ" ಅಂತ ಹೇಳಿ ಹೋದರು.

ಷಡ್ಡಕನ ಕೈಯಲ್ಲಿ ಸ್ಟ್ಯಾಂಡ್ ಹಾಗೇ ನಿಂತಿತ್ತು.

"ಅಣ್ಣ, ಏನಂದ್ರು?"

"ಉದ್ದ ಬೇಡ ಅಂದ್ರು."

"ಅದಲ್ಲ ಅಣ್ಣ, ಏನಂದ್ರು?"

ನಾನು ಕೆಮ್ಮಿದೆ.

ಅವನು ಜೇಬಿಂದ ಹಲ್ಲುಸೆಟ್ಟು ತೆಗೆದ, ಕರವಸ್ತ್ರ ಬಿಚ್ಚಿ ಬಾಯಿಗೆ ಹಾಕ್ಕೊಂಡ, ಹೆಬ್ಬೆರಳಲ್ಲಿ ಒತ್ತಿದ.

"ಹೊಸ ಮೇಷ್ಟ್ರು ಬರ್ತಾರೆ ಅಂದ್ರು."